ಜ್ವರ, ಗಂಟಲು ನೋವಿನ ಬೆನ್ನಲ್ಲೇ ಮಗಳ ಕಣ್ಣು ಕೆಂಪಾಗಿದೆ: ಹನಿ ಬದಲಿಸಬೇಕೇ?

ಪ್ರಶ್ನೆ: ತಾಯಿ, ದಾವಣಗೆರೆ

ನನ್ನ ಆರು ವರ್ಷದ ಮಗಳಿಗೆ ಕಳೆದ ಸೋಮವಾರ ಜ್ವರ ಮತ್ತು ಗಂಟಲು ನೋವು ಕಾಣಿಸಿಕೊಂಡಿತು. ಬುಧವಾರ ಬೆಳಿಗ್ಗೆ ಎಡಗಣ್ಣಿನ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡಿದ್ದವು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ ಮೇಲಷ್ಟೇ ಕಣ್ಣು ಬಿಟ್ಟಳು. ಶುಕ್ರವಾರ ಬಲಗಣ್ಣೂ ಕೆಂಪಾಯಿತು. ಕಿವಿಯ ಮುಂದೆ ಕಡಲೆ ಕಾಳಿನಷ್ಟು ಗಾತ್ರದ ಗಂಟು ಕೈಗೆ ಸಿಗುತ್ತದೆ, ಮುಟ್ಟಿದರೆ ನೋವು ಎನ್ನುತ್ತಾಳೆ. ಜ್ವರ ಇಳಿದಿದೆ. ಔಷಧಿ ಅಂಗಡಿಯಲ್ಲಿ ಕೊಟ್ಟ ಆಂಟಿಬಯೋಟಿಕ್ ಹನಿಯನ್ನು ಮೂರು ದಿನ ಹಾಕಿದರೂ ಕೆಂಪು ತಗ್ಗಿಲ್ಲ. ನಂದಿಬಟ್ಟಲು ಹೂವಿನ ರಸ ಬಿಡುವಂತೆ ಅತ್ತೆಯವರು ಹೇಳುತ್ತಿದ್ದಾರೆ. ಮನೆಯಲ್ಲಿ ಎಂಟು ತಿಂಗಳ ಮಗುವೂ ಇರುವುದರಿಂದ ಭಯವಾಗುತ್ತಿದೆ.

ಉತ್ತರ: ನೇತ್ರ ವೈದ್ಯೆ, ಮೈಸೂರು

ಕಣ್ಣನ್ನು ನೋಡದೆ ಖಚಿತವಾಗಿ ಹೇಳಲಾಗದು. ಆದರೆ ಜ್ವರ, ಗಂಟಲು ನೋವು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹರಡಿದ ಕೆಂಪು ಮತ್ತು ಕಿವಿಯ ಮುಂದಿನ ಗಂಟು, ಈ ನಾಲ್ಕೂ ಒಟ್ಟಿಗೆ ಬಂದಾಗ ನಾವು ಮೊದಲು ಶಂಕಿಸುವುದು ಅಡಿನೋವೈರಸ್ಸನ್ನು. ಮಕ್ಕಳಲ್ಲಿ ಈ ಬಗೆಯ ಕಾಯಿಲೆಯನ್ನು ಹೆಚ್ಚಾಗಿ ತರುವುದು ಅದರ 3, 4 ಮತ್ತು 7ನೇ ಪ್ರಭೇದಗಳು. ಗಂಟಲಿನಲ್ಲಿ ನೆಲೆಯೂರುವ ವೈರಸ್ಸೇ ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ತೆಳುಪೊರೆಯಲ್ಲೂ ಬೆಳೆಯಬಲ್ಲದು. ಮೂಗೊರೆಸಿದ ಕೈಯಿಂದ ಕಣ್ಣುಜ್ಜಿದರೂ ಸಾಕು.

ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನೇ ಹೊರತು ವೈರಸ್ಸನ್ನಲ್ಲ, ಆದ್ದರಿಂದ ಹನಿ ಫಲ ಕೊಡದಿರುವುದು ಆಶ್ಚರ್ಯವಲ್ಲ. ತಣ್ಣೀರಿನ ಬಟ್ಟೆ ಮತ್ತು ಕೃತಕ ಕಣ್ಣೀರಿನ ಹನಿಯಿಂದ ಉರಿ ತಗ್ಗುತ್ತದೆ. ಕಾಯಿಲೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನಂದಿಬಟ್ಟಲಿನ ರಸವನ್ನು ದಯವಿಟ್ಟು ಬಿಡಬೇಡಿ. ನಮ್ಮ ಹಿರಿಯರು ಆ ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗಾಗಿ ಇಡುತ್ತಿದ್ದುದು ಬೇರೆ, ಹಿಂಡಿದ ರಸದೊಂದಿಗೆ ಮಣ್ಣಿನ ಶಿಲೀಂಧ್ರ ಕಣ್ಣಿನೊಳಗೆ ಸೇರಿ ಕರಿಗುಡ್ಡೆಯಲ್ಲಿ ಹುಣ್ಣಾಗುವುದು ಬೇರೆ.

ಮಗುವಿಗೆ ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಕಣ್ಣೊಳಗೆ ತೀವ್ರ ನೋವಿದ್ದರೆ ಅದೇ ದಿನ ತೋರಿಸಿ. ಮೈಮೇಲೆ ದದ್ದು ಎದ್ದರೆ ದಡಾರವನ್ನು ನೆನಪಿಡಬೇಕು. ಅದೂ ಜ್ವರ, ಕೆಮ್ಮು, ಕೆಂಗಣ್ಣಿನಿಂದಲೇ ಆರಂಭವಾಗುತ್ತದೆ, ಮತ್ತು ಅದರ ಮೊದಲ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡುವುದರಿಂದ ನಿಮ್ಮ ಚಿಕ್ಕ ಮಗುವಿಗೆ ಇನ್ನೂ ಆ ರಕ್ಷಣೆ ಸಿಕ್ಕಿರುವುದಿಲ್ಲ.

ಉತ್ತರ: ಶಿಕ್ಷಕ, ಧಾರವಾಡ

2023ರ ಮಳೆಗಾಲದಲ್ಲಿ ರಾಜ್ಯದ ಊರೂರಲ್ಲಿ ಕಣ್ಣು ಬೇನೆ ಹರಡಿದ್ದಾಗ ನನಗೂ ಬಂದಿತ್ತು. ಪರಿಚಿತರೊಬ್ಬರು ಕೊಟ್ಟ ಹನಿಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇತ್ತೆಂಬುದನ್ನು ನಾನು ಓದಿರಲಿಲ್ಲ. ಎರಡೇ ದಿನಕ್ಕೆ ಕೆಂಪು ಮಾಯವಾಯಿತು, ನಿಲ್ಲಿಸಿದೊಡನೆ ಮರಳಿತು. ಆಮೇಲೆ ಕರಿಹಲಗೆಯ ಅಕ್ಷರಗಳು ಮಸುಕಾದವು, ರಾತ್ರಿ ಬೀದಿದೀಪದ ಸುತ್ತ ಬಳೆಯಂತಹ ಬೆಳಕು ಕಾಣಿಸತೊಡಗಿತು. ಕರಿಗುಡ್ಡೆಯ ಮೇಲ್ಪದರದ ಕೆಳಗೆ ಚುಕ್ಕೆಗಳಾಗಿವೆ ಎಂದು ವೈದ್ಯರು ತಿಳಿಸಿದರು. ಅವು ಕರಗಲು ತಿಂಗಳುಗಳೇ ಬೇಕಾದವು. ನಿಮ್ಮ ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಇಂದೇ ಓದಿ, ತಾಯಿ.

ಪ್ರಶ್ನಿಸಿದವರು

ಓದಿದೆ ಸರ್, ಅದರಲ್ಲಿ ಸ್ಟೀರಾಯ್ಡ್ ಇಲ್ಲ. ಡಾಕ್ಟರೇ, ಮಗುವನ್ನು ಎತ್ತಿಕೊಳ್ಳುವ ಮುನ್ನ ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕೇ?

ನೇತ್ರ ವೈದ್ಯೆ, ಮೈಸೂರು

ಅದನ್ನೊಂದನ್ನೇ ನಂಬಬೇಡಿ. ಕೊರೋನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಆಲ್ಕೋಹಾಲ್ ಅದನ್ನು ಸುಲಭವಾಗಿ ಒಡೆಯುತ್ತದೆ. ಅಡಿನೋವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಿರಿ. ಒಣಗಿದ ಮೇಲ್ಮೈಯಲ್ಲೂ ಅದು ವಾರಗಟ್ಟಲೆ ಉಳಿಯಬಲ್ಲದಾದ್ದರಿಂದ ಟವೆಲ್, ದಿಂಬಿನ ಕವರು ಬೇರೆಯಿರಲಿ, ಹನಿಯ ಬಾಟಲಿಯ ತುದಿ ರೆಪ್ಪೆಗೆ ತಾಗದಿರಲಿ. ಕಣ್ಣಲ್ಲಿ ನೀರು ಸುರಿಯುವುದು ನಿಲ್ಲುವವರೆಗೆ ಶಾಲೆ ಬೇಡ. ನೋಡಿದ ಮಾತ್ರಕ್ಕೆ ಹರಡುವುದಿಲ್ಲ, ಮಗಳ ಮುಖ ನೋಡಿಯೇ ಮಾತನಾಡಿಸಿ.

ಪ್ರಶ್ನಿಸಿದವರು

ಧನ್ಯವಾದಗಳು. ನಾಳೆ ಬೆಳಿಗ್ಗೆ ಕಣ್ಣಿನ ವೈದ್ಯರಲ್ಲಿ ತೋರಿಸುತ್ತೇನೆ. ಅವಳ ಟವೆಲ್ ಬೇರೆಯವರ ಕೈಗೆ ಹೋಗದಂತೆ ಮೂಲೆಗೆ ಕೆಂಪು ದಾರ ಹೊಲಿದಿದ್ದೇನೆ.