ಸಕ್ಕರೆ ಪರೀಕ್ಷೆಯಲ್ಲಿ ನುಸಿ ಬೀಳುತ್ತಿಲ್ಲ, ಮರಿ ಮಾತ್ರ ಸಾಯುತ್ತಿದೆ

ಮದ್ದೂರು_ತೆಂಗಿನತೋಟ:
ಸಾಕಾಗಿ ಹೋಗಿದೆ. ಬೆಳಿಗ್ಗೆ ಹೋಗಿ ನೋಡಿದರೆ ಜೇನು ಪೆಟ್ಟಿಗೆ ಮುಂದೆ ರೆಕ್ಕೆ ಮುದುಡಿದ ಹುಳಗಳು ತೆವಳುತ್ತಿರುತ್ತವೆ. ಮರಿ ಎರಿಯಲ್ಲಿ, ಅಂದರೆ ಮರಿ ಇರುವ ಜೇನುತಟ್ಟಿಯಲ್ಲಿ, ಮುಚ್ಚಿದ ಕಣಗಳಿಗೆ ಸಣ್ಣ ಸಣ್ಣ ತೂತು, ಅಲ್ಲಲ್ಲಿ ಖಾಲಿ. ನುಸಿ ಉದುರುತ್ತದಾ ಅಂತ ಒಂದಷ್ಟು ಹುಳ ತೆಗೆದು ಸಕ್ಕರೆ ಪುಡಿ ಹಾಕಿ ಅಲ್ಲಾಡಿಸಿದೆ, ನುಸಿ ಬಿದ್ದಿದ್ದು ಒಂದೋ ಎರಡೋ. ಔಷಧಿ ಪಟ್ಟಿನೂ ಹಾಕಿದ್ದೇನೆ. ಯಾರಾದರೂ ದಾರಿ ಹೇಳಿ.

ಹುಣಸೂರು_ಜೇನು:
ವರೋವಾ ನುಸಿನೇ, ಬೇರೆ ಮಾತೇ ಇಲ್ಲ. ಅರ್ಧ ಕಪ್, ಅಂದರೆ ಸುಮಾರು 300 ಹುಳ ತೆಗೆದುಕೊಂಡಿರಾ? ಮರಿ ಎರಿಯಿಂದಲೇ ತೆಗೆಯಬೇಕು.

ಮದ್ದೂರು_ತೆಂಗಿನತೋಟ:
ಅಲ್ಲಿಂದಲೇ ತೆಗೆದಿದ್ದು.

ಹುಣಸೂರು_ಜೇನು:
ಹಾಗಾದರೆ ಸಕ್ಕರೆ ಪುಡಿ ತೇವ ಆಗಿರುತ್ತದೆ. ಗಂಡುನೊಣದ ಕಣ ಬಿಚ್ಚಿ ನೋಡಿ, ವರೋವಾ ಅಲ್ಲೇ ಜಾಸ್ತಿ.

ಪಾಂಡವಪುರ_ತುಡುವೆ:
ಅದಕ್ಕೇ ನಮ್ಮ ನಾಡಿನ ತುಡುವೆ ಜೇನು ಸಾಕಿ ಅನ್ನೋದು. ಮೈ ಮೇಲಿನ ನುಸಿಯನ್ನು ತಾನೇ ಕಚ್ಚಿ ಕೆಡವುತ್ತದೆ. ನನ್ನ ಪೆಟ್ಟಿಗೆಗಳಿಗೆ ಒಂದು ಹನಿ ಔಷಧಿ ಹಾಕಿಲ್ಲ.

ಹುಣಸೂರು_ಜೇನು:
1991-92ರಲ್ಲಿ ಮರಿ ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗ ತುಡುವೆ ಪಾಡು ಏನಾಯಿತು, ಅದನ್ನೂ ಹೇಳಿ.

ಪಾಂಡವಪುರ_ತುಡುವೆ:
ಅದು ವೈರಸ್ಸು. ನುಸಿ ಮಾತಿಗೆ ಅದನ್ನು ಯಾಕೆ ತರುತ್ತೀರಿ?

ಮಳವಳ್ಳಿ_ರೇಷ್ಮೆ:
ಸ್ವಲ್ಪ ನಿಲ್ಲಿಸಿ. ಮದ್ದೂರಿನವರೇ, ನಿಮ್ಮದು ಯಾವ ಜೇನು? ಬಿದ್ದ ನುಸಿ ಏಡಿ ಹಾಗೆ ಅಗಲಕ್ಕಿತ್ತಾ, ಉದ್ದಕ್ಕಿತ್ತಾ? ಹತ್ತಿರದಲ್ಲಿ ಹೆಜ್ಜೇನು ಇದೆಯಾ?

ಮದ್ದೂರು_ತೆಂಗಿನತೋಟ:
ಮೆಲ್ಲಿಫೆರಾ, ಯುರೋಪಿನ ಜೇನು. ನುಸಿ ಉದ್ದಕ್ಕೆ, ಕೆಂಪು ಕಂದು ಬಣ್ಣ. ಕಣ ಬಿಚ್ಚಿದರೆ ಎರಿ ಮೇಲೆ ಸರಸರ ಓಡುತ್ತದೆ. ಊರಿನ ನೀರಿನ ಟ್ಯಾಂಕಿಗೆ ಪ್ರತಿ ವರ್ಷ ಹೆಜ್ಜೇನು ಕಟ್ಟುತ್ತದೆ.

ಮಳವಳ್ಳಿ_ರೇಷ್ಮೆ:
ಇದು ವರೋವಾ ಅಲ್ಲ, ಟ್ರೋಪಿಲೇಲಾಪ್ಸ್. ಮೂಲದಲ್ಲಿ ಹೆಜ್ಜೇನಿನ ನುಸಿ. ಉದ್ದ 1 ಮಿ.ಮೀ. ಆಸುಪಾಸು. ದೊಡ್ಡ ಹುಳದ ಮೈ ಚುಚ್ಚಿ ತಿನ್ನಲು ಇದಕ್ಕೆ ಬಾಯಿ ಸಾಲದು, ಮರಿಯೇ ಬೇಕು. ಹುಳದ ಮೇಲೆ ಹೆಚ್ಚು ಹೊತ್ತು ಇರುವುದೇ ಇಲ್ಲ. ಸಕ್ಕರೆಗೆ ಬೀಳದೆ ಇದ್ದಿದ್ದು ಅದಕ್ಕೇ. ಹುಳ ಕೊಡವಿ, ಮರಿ ಫ್ರೇಮನ್ನು ಬಿಳಿ ತಟ್ಟೆ ಮೇಲೆ ಜೋರಾಗಿ ಬಡಿದು ನೋಡಿ.

ಹುಣಸೂರು_ಜೇನು:
ರೆಕ್ಕೆ ಮುದುಡಿದೆಯಲ್ಲಾ? ಅದು ವರೋವಾ ಲಕ್ಷಣ ಅಲ್ವಾ?

ಮಳವಳ್ಳಿ_ರೇಷ್ಮೆ:
ಇದರಲ್ಲೂ ಹಾಗೇ ಆಗುತ್ತದೆ. ಎರಡೂ ಒಟ್ಟಿಗೆ ಇದ್ದರೂ ಇರಬಹುದು.

ಮದ್ದೂರು_ತೆಂಗಿನತೋಟ:
ಬಡಿದೆ. ತಟ್ಟೆ ತುಂಬಾ ಓಡಾಡುತ್ತಿವೆ! ಫಾರ್ಮಿಕ್ ಆಸಿಡ್ ಹಾಕಲಾ?

ಮಳವಳ್ಳಿ_ರೇಷ್ಮೆ:
ಅದರ ಆವಿ ಮುಚ್ಚಿದ ಕಣದೊಳಗೂ ಹೋಗುತ್ತದೆ, ನಿಜ. ಆದರೆ ಈ ಮಂಡ್ಯದ ಬಿಸಿಲಲ್ಲಿ ಬೇಡ, 30 ಡಿಗ್ರಿ ದಾಟಿದರೆ ರಾಣಿಗೇ ಅಪಾಯ. ರಾಣಿಯನ್ನು ಪಂಜರಕ್ಕೆ ಹಾಕಿ, ಮೊಟ್ಟೆ ನಿಲ್ಲಲಿ. ಗಂಡುನೊಣದ ಎರಿ ಕತ್ತರಿಸಿ ತೆಗೆಯಿರಿ. ಕೆಲಸಗಾರ ಮರಿ 21 ದಿನಕ್ಕೆಲ್ಲ ಹೊರಬರುತ್ತದೆ, ಆಮೇಲೂ ನಾಲ್ಕೈದು ದಿನ ಬಿಡಿ. ಮರಿ ಸಿಗದಿದ್ದರೆ ಈ ನುಸಿ ಕೆಲವೇ ದಿನದಲ್ಲಿ ಸಾಯುತ್ತದೆ. ಎಲ್ಲಾ ಪೆಟ್ಟಿಗೆಗೂ ಒಂದೇ ಸಲ ಮಾಡಿ. ಒಂದರ ಫ್ರೇಮ್ ಇನ್ನೊಂದಕ್ಕೆ ಹಾಕಲೇಬೇಡಿ.

ಹುಣಸೂರು_ಜೇನು:
ಅಷ್ಟು ದಿನ ಮೊಟ್ಟೆ ನಿಂತರೆ ಕುಟುಂಬ ಸೊರಗುತ್ತದೆ. ನಾನಾದರೆ ಗಂಧಕದ ಪುಡಿ ಉದುರಿಸುತ್ತೇನೆ.

ಮಳವಳ್ಳಿ_ರೇಷ್ಮೆ:
ಪುಡಿ ಕಣದ ಮುಚ್ಚಳದ ಒಳಗೆ ಹೋಗಲ್ಲ. ಕುಟುಂಬ ಸೊರಗುವುದು ನಿಜ. ತೆಂಗಿನ ಪರಾಗ ಬರುತ್ತಲೇ ಇರುತ್ತದೆ, ಸಕ್ಕರೆ ಪಾಕ ಕೊಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ.

ಮದ್ದೂರು_ತೆಂಗಿನತೋಟ:
ಪಾಕ ಕೊಡುವಾಗ ಮೇಲಿನ ಜೇನು ಕೋಣೆ ತೆಗೆದಿಡಬೇಕಾ?

ಮಳವಳ್ಳಿ_ರೇಷ್ಮೆ:
ತೆಗೆಯಲೇಬೇಕು, ಇಲ್ಲದಿದ್ದರೆ ಪಾಕ ಜೇನಿಗೆ ಸೇರುತ್ತದೆ. ನೀವು ಪಟ್ಟಿ ಹಾಕಿದಾಗ ಆ ಕೋಣೆ ಮೇಲೇ ಇತ್ತಾ? ಇದ್ದಿದ್ದರೆ ಅದರ ಜೇನು ಮಾರಬೇಡಿ.