ಡಾರ್ಸಲ್ ಅಂದ್ರೆ ಹಿಂದೆನಾ ಮೇಲೆನಾ? ಮುಖದ ಅಳತೆನೂ ತಲೆಗೆ ಹತ್ತುತ್ತಿಲ್ಲ (ಬಿಡಿಎಸ್ ಫಸ್ಟ್ ಇಯರ್)

ಕೋರೆಹಲ್ಲು_05:
ಎಲ್ರಿಗೂ ನಮಸ್ಕಾರ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಓದಿದವಳು ನಾನು, ಈಗ ಬಿಡಿಎಸ್. ಡಾರ್ಸಲ್ ಅಂದ್ರೆ ಹಿಂಭಾಗ ಅಂತ ನೋಟ್ಸಲ್ಲಿ ಬರ್ಕೊಂಡಿದ್ದೆ, ಕೈಗೆ ಸರಿಹೋಯ್ತು, ಅಂಗೈ ಪಾಮರ್ ಅದರ ಹಿಂದುಗಡೆ ಡಾರ್ಸಲ್. ಆಮೇಲೆ ನೋಡಿದ್ರೆ ಪಾದದ ಡಾರ್ಸಮ್ ಮೇಲಿದೆ, ನಾಲಿಗೆದೂ ಮೇಲಿದೆ, ಮೂಗಿನ ಡಾರ್ಸಮ್ ಅಂತೂ ಮುಖದ ಮುಂದೆನೇ ಇದೆ! ವೈವಾದಲ್ಲಿ ನಾಲಿಗೆ ಡಾರ್ಸಮ್ ತೋರ್ಸು ಅಂದ್ರು, ನಾನು ಗಂಟಲ ಕಡೆ ಬೆರಳು ಮಾಡ್ದೆ, ಇಡೀ ಬ್ಯಾಚ್ ನಕ್ತು.

ಇನ್ನೊಂದು, ಸೀನಿಯರ್ಸ್ ಕ್ಲಿನಿಕ್ಕಲ್ಲಿ ಹಲ್ಲು ಸೆಟ್ ಮಾಡುವಾಗ ಮೂಗಿಗೊಂದು ಗಲ್ಲಕ್ಕೊಂದು (ಗದ್ದಕ್ಕೆ, ಕೆನ್ನೆಗಲ್ಲ) ಚುಕ್ಕೆ ಇಟ್ಟು ಸ್ಕೇಲ್ ಹಿಡಿತಾರೆ, ವರ್ಟಿಕಲ್ ಡೈಮೆನ್ಷನ್ ಅಂತಾರೆ, ಏನು ಅಳೀತಾರೆ ಅಂತ ಕೇಳಿದ್ರೆ ಥರ್ಡ್ ಇಯರಲ್ಲಿ ಗೊತ್ತಾಗುತ್ತೆ ಬಿಡು ಅಂತಾರೆ. ಮತ್ತೆ ಗಲ್ಲದ ತುದಿಗೆ ಒಂದು ಪುಸ್ತಕದಲ್ಲಿ ನೇಥಿಯಾನ್, ಇನ್ನೊಂದರಲ್ಲಿ ಮೆಂಟಾನ್. ಎರಡೂ ಒಂದೇನಾ? ಪ್ಲೀಸ್ ಯಾರಾದ್ರೂ ಕನ್ನಡದಲ್ಲಿ ಹೇಳಿ.

ಹುಬ್ಬಳ್ಳಿ_ಫಿಸಿಯೋ:
ತಂಗಿ, "ಹಿಂಭಾಗ" ಅನ್ನೋದನ್ನ ನೋಟ್ಸಿಂದ ಅಳಿಸಿಬಿಡ್ರಿ, ಅಲ್ಲೇ ಅದ ತಪ್ಪು. ಡಾರ್ಸಮ್ ಅಂದ್ರ ಲ್ಯಾಟಿನ್‌ನ್ಯಾಗ ಬೆನ್ನು. ಆಕಳಾ ನೆನಸ್ಕೊಳ್ರಿ, ಅದರ ಬೆನ್ನು ಹಿಂದ ಐತೇನು? ಮ್ಯಾಲ ಐತಿ. ಈಗ ನೀವು ಸಣ್ಣ ಹುಡುಗರನ್ನ ಬೆನ್ನ ಮ್ಯಾಲ ಕುಂದರಿಸ್ಕೊಂಡು ಆನಿ ಆಟ ಆಡ್ತೀರಲ್ಲ, ಹಂಗ ನೆಲಕ್ಕ ಕೈ ಊರ್ರಿ, ಆದ್ರ ಮಣಕಾಲು ಊರಬ್ಯಾಡ್ರಿ, ಪಾದ ಊರ್ರಿ. ಅಂಗೈ ಅಂಗಾಲು ಎರಡೂ ನೆಲಕ್ಕ, ಕೈ ಪಾದದ ಇನ್ನೊಂದು ಮಗ್ಗಲು ಆಕಾಶಕ್ಕ. ತಲಿ ಮುಂದಕ್ಕ ಚಾಚಿದ್ರ ಮೂಗಿನ ದಿಂಡು ಮ್ಯಾಲ, ನಾಲಿಗಿ ಬೆನ್ನೂ ಮ್ಯಾಲ. ನಾಲ್ಕಕ್ಕೂ ಒಂದ ಲೆಕ್ಕ ಹತ್ತಿತು.

ನಾವು ಎದ್ದು ನಿಂತದ್ದಕ್ಕ ಗೊಂದಲ ಆಗೇತಿ. ಇನ್ನೊಂದು ಮಜಾ ಅಂದ್ರ ಹೊಟ್ಟ್ಯಾಗಿನ ಕೂಸಿಗೆ ಆರರಿಂದ ಎಂಟನೇ ವಾರದಾಗ ಕೈ ಹೊರಗಡೆ ತಿರಗತಾವು, ಕಾಲು ಒಳಗಡೆ ತಿರಗತಾವು, ಸುಮಾರು 90 ಡಿಗ್ರಿ. ಅದಕ್ಕ ಮೊಣಕೈ ಹಿಂದ ನೋಡ್ತದ, ಮಣಕಾಲು ಮುಂದ ನೋಡ್ತದ. ಪಾದ ಮ್ಯಾಲೆತ್ತೋದಕ್ಕ ನಾವು ಡಾರ್ಸಿಫ್ಲೆಕ್ಷನ್ ಅನ್ನೋದೂ ಇದಕ್ಕ. ಕುಕ್ಕರಗಾಲಿನ್ಯಾಗ ಕುಂದರಾಕ ಬರವೊಲ್ದು ಅಂತ ಬರೋ ಪೇಷಂಟ್‌ಗೆ ಮೊದಲ ನೋಡೋದ ಅದನ್ನ.

ಬೇಸಿನ್_ಬಾಯ್:
ಇಂಟರ್ನ್ ಇಲ್ಲಿ. ಮೇಲಿನವರು ಚೆನ್ನಾಗಿ ಹೇಳಿದಾರೆ. ಹಲ್ಲಿಗೆ ಬಂದ್ರೆ ಮೀಡಿಯಲ್ (ದೇಹದ ನಡುವಿನ ಕಡೆ) ಲ್ಯಾಟರಲ್ (ಪಕ್ಕದ ಕಡೆ) ಮರೆತುಬಿಡಿ, ದವಡೆ ಬಿಲ್ಲಿನ ಥರ ಬಾಗಿರೋದ್ರಿಂದ ಅದು ಅಲ್ಲಿ ಕೆಲಸಕ್ಕೆ ಬರಲ್ಲ. ಬಿಲ್ಲಿನ ಗುಂಟ ಮಧ್ಯದ ಗೆರೆ ಕಡೆಗಿರೋದು ಮೀಸಿಯಲ್, ದೂರದ್ದು ಡಿಸ್ಟಲ್, ಕೆನ್ನೆ ಕಡೆ ಬಕ್ಕಲ್, ತುಟಿ ಕಡೆ ಲೇಬಿಯಲ್. ಎಡ ಬಲ ಯಾವಾಗ್ಲೂ ಪೇಷಂಟ್‌ದು, ನಿಮ್ಮದಲ್ಲ, ಇದನ್ನ ಮಾತ್ರ ದಯವಿಟ್ಟು ಮರೀಬೇಡಿ.

ನೇಥಿಯಾನ್ ಮೆಂಟಾನ್ ವಿಷಯ: ಜನರ ಮುಖ ಅಳೆಯೋ ಆಂಥ್ರೊಪೊಮೆಟ್ರಿಯಲ್ಲಿ ಗಲ್ಲದ ಮೂಳೆಯ ಮಧ್ಯದ ಅತ್ಯಂತ ಕೆಳಗಿನ ಬಿಂದುನೇ ನೇಥಿಯಾನ್. ಆರ್ಥೋದವರ (ವಕ್ರ ಹಲ್ಲು ನೇರ ಮಾಡೋರು) ಎಕ್ಸರೇಲಿ ಆ ಕೆಳಗಿನದಕ್ಕೆ ಮೆಂಟಾನ್ ಅಂತಾರೆ, ನೇಥಿಯಾನ್ ಅದಕ್ಕಿಂತ ಸ್ವಲ್ಪ ಮುಂದೆ. ಎರಡು ಪುಸ್ತಕನೂ ಸರಿ, ಊರು ಬೇರೆ ಅಷ್ಟೆ.

ಈಗ ಚುಕ್ಕೆ. ಬಾಯಿ ಸುಮ್ಮನೆ ಮುಚ್ಕೊಂಡು ಕೂತಾಗ ಮೇಲಿನ ಕೆಳಗಿನ ಹಲ್ಲು ತಾಗಿರಲ್ಲ, ಗಮನಿಸಿ ನೋಡಿ. ಸ್ನಾಯುಗಳ ಬಿಗಿ ದವಡೆನ ಒಂದು ಕಡೆ ತೂಗುಹಾಕಿರುತ್ತೆ, ಅದು ರೆಸ್ಟ್ ಪೊಸಿಷನ್. ಆಗ ಎರಡು ಚುಕ್ಕೆ ನಡುವಿನ ಅಳತೆ ತಗೋತಾರೆ, ಅದೇ ವರ್ಟಿಕಲ್ ಡೈಮೆನ್ಷನ್, ಆಮೇಲೆ ಕಚ್ಚಿಸಿ ಇನ್ನೊಂದು ಸಲ. ವ್ಯತ್ಯಾಸ ಸಾಮಾನ್ಯವಾಗಿ 2ರಿಂದ 4 ಮಿಮೀ, ಫ್ರೀವೇ ಸ್ಪೇಸ್. ಸೆಟ್ ಎತ್ತರ ಜಾಸ್ತಿ ಆದ್ರೆ ಈ ಜಾಗನೇ ಇರಲ್ಲ, ಮಾತಾಡುವಾಗ ಹಲ್ಲು ಟಕಟಕ ಅಂತವೆ, ದವಡೆ ನೋವು. ಕಮ್ಮಿ ಆದ್ರೆ ಗಲ್ಲ ಮೂಗಿನ ಹತ್ರ ಬಂದು ಮುಖ ಮುದುಡುತ್ತೆ.

ಪೇಷಂಟ್‌ಗೆ ಸುಮ್ನೆ ಕೂತ್ಕೊಳ್ಳಿ ಅಂದ್ರೆ ಇನ್ನೂ ಗಟ್ಟಿಯಾಗಿ ಕಚ್ತಾರೆ, ಅದಕ್ಕೇ ಮಾತಾಡಿಸೋದು. ಪುಸ್ತಕದಲ್ಲಿ ಸಿಕ್ಸ್ಟಿ ಸಿಕ್ಸ್ ಹೇಳ್ಸಿ ಅಂತ ಇರುತ್ತೆ, ಸಕಾರಕ್ಕೆ ಹಲ್ಲು ಹತ್ರ ಬರುತ್ತಲ್ಲ ಅದನ್ನ ನೋಡೋಕೆ. ನಾನು ಮೊದಲನೇ ಕೇಸಲ್ಲಿ ಬುದ್ಧಿವಂತ ಥರ ಅದನ್ನ ಕನ್ನಡ ಮಾಡಿ ಅರವತ್ತಾರು ಹೇಳಿ ಅಜ್ಜಿ ಅಂದೆ, ಅವರು ಚೆನ್ನಾಗೇ ಹೇಳಿದ್ರು, ಆದ್ರೆ ಅದರಲ್ಲಿ ಸಕಾರ ಎಲ್ಲಿದೆ ಸ್ವಾಮಿ! ಈಗ ಸಾಸಿವೆ, ಸೊಸೆ ಹೇಳಿಸ್ತೀನಿ. ರೆಸ್ಟ್‌ಗೆ "ಅಮ್ಮ" ಸಾಕು. ಫಿಫ್ಟಿ ಫೈವ್ ಅಂತೂ ಬೇಡವೇ ಬೇಡ, ಮೇಲಿನ ಹಲ್ಲು ಕೆಳತುಟಿಗೆ ತಾಗ್ಲಿ ಅಂತ ಅದನ್ನ ಹೇಳಿಸೋದು, ನಮ್ಮ ಹಿರಿಯರು ಪಿಪ್ಟಿ ಪೈವ್ ಅಂತಾರೆ, ಎರಡು ತುಟಿನೂ ಮುಚ್ಚಿಹೋಗುತ್ತೆ.

ಗುಡಿಗಾರ_ಮರಿ:
ನಾನು ಡಾಕ್ಟರ್ ಅಲ್ಲ, ಮೂರ್ತಿ ಕೆತ್ತೋದು ಕಲೀತಾ ಇದೀನಿ. ಇದನ್ನೆಲ್ಲ ಓದ್ತಾ ಓದ್ತಾ ಅರೆ ಇದು ನಮ್ದೇ ಲೆಕ್ಕ ಅನ್ನಿಸ್ತು. ನಮ್ಮಲ್ಲಿ ಮುಖ ಅಂದ್ರೆ ಒಂದು ತಾಳ, 12 ಅಂಗುಲ. ಮೂರು ಸಮಭಾಗ, ಹಣೆಗೆ 4, ಮೂಗಿಗೆ 4, ಮೂಗಿನ ಕೆಳಗಿಂದ ಗಲ್ಲಕ್ಕೆ 4. ನವತಾಳದ ಮೂರ್ತಿ ಅಂದ್ರೆ ಒಟ್ಟು 108 ಅಂಗುಲ. ಅಂಗುಲ ಅಂದ್ರೆ ಇಂಚಲ್ಲ ಮತ್ತೆ, ಮೂರ್ತಿ ಎತ್ತರನೇ ಭಾಗ ಮಾಡಿ ಬರೋದು, ಗೇಣುದ್ದದ ಗಣಪತಿಗೂ ಆಳೆತ್ತರದ್ದಕ್ಕೂ ಅದರದರ ಅಂಗುಲ ಬೇರೆ.

ಬೇಸಿನ್_ಬಾಯ್:
@ಗುಡಿಗಾರ_ಮರಿ ಸಖತ್! ನಮ್ಮಲ್ಲೂ ಮೂರೇ ಭಾಗ, ಕೂದಲ ಅಂಚಿಂದ ಹುಬ್ಬಿನ ನಡುವೆ, ಅಲ್ಲಿಂದ ಮೂಗಿನ ಬುಡ, ಅಲ್ಲಿಂದ ಗಲ್ಲ. ಕೆಳಗಿನ ಭಾಗದಲ್ಲಿ ಮೇಲ್ತುಟಿಗೆ ಒಂದು ಪಾಲು, ಕೆಳತುಟಿ ಗಲ್ಲ ಸೇರಿ ಎರಡು ಪಾಲು. ಆದ್ರೆ ನಿಜವಾದ ಮುಖ ಯಾವುದೂ ನಿಮ್ಮ ಮೂರ್ತಿಯಷ್ಟು ಸಮ ಇರಲ್ಲ, ಹಲ್ಲು ಹೋದವರದ್ದಂತೂ ಕೆಳಗಿನ ಭಾಗನೇ ಕುಸಿದಿರುತ್ತೆ.

ಹಳೇ_ಲೈಬ್ರರಿ:
ಒಂದು ಮಾತು ಸೇರಿಸ್ತೀನಿ, ವಿಷಯ ಸ್ವಲ್ಪ ಆಚೆ ಹೋಗುತ್ತೆ ಕ್ಷಮಿಸಿ. ಹೀಗೇ ಮುಖ ಅಳೆಯೋ ಕ್ಯಾಲಿಪರ್ ಅನ್ನೋ ಸಾಧನ ಹಿಡ್ಕೊಂಡು ಬ್ರಿಟಿಷ್ ಅಧಿಕಾರಿ ರಿಸ್ಲೆ ನಮ್ಮ ಜನರ ಮೂಗು ಅಳೆದಿದ್ದ, 1901ರ ಜನಗಣತಿಗೆ ಕಮಿಷನರ್ ಆಗಿದ್ದವನು. ಅಗಲನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ ನೇಸಲ್ ಇಂಡೆಕ್ಸ್. ಮೂಗು ಅಗಲ ಆದಷ್ಟೂ ಜಾತಿ ಕೆಳಗೆ ಅಂತ ಅವನ ವಾದ. ಲೆಕ್ಕ ಸರಿ, ಅದರಿಂದ ತೆಗೆದ ಅರ್ಥ ಹೊಲಸು. ಮುಖದ ಇಂಡೆಕ್ಸ್ ಓದುವಾಗ ಇದೂ ತಿಳಿದಿರಲಿ.

ಕೋರೆಹಲ್ಲು_05:
ಎಲ್ರಿಗೂ ತುಂಬಾ ಥ್ಯಾಂಕ್ಸ್! ಆನೆ ಆಟ ಹಾಸ್ಟೆಲ್ ರೂಮಲ್ಲಿ ಆಡಿ ನೋಡ್ದೆ, ರೂಮ್‌ಮೇಟ್ ವಿಡಿಯೋ ಮಾಡ್ಕೊಂಡಿದಾಳೆ. ವೀಕೆಂಡ್ ಊರಿಗೆ ಬಂದು ನಮ್ಮಜ್ಜಿಗೆ ಚುಕ್ಕೆ ಇಟ್ಟು ಅಳೆದೆ, ಹತ್ತು ಹನ್ನೆರಡು ವರ್ಷದ ಹಳೇ ಸೆಟ್ಟು. ವ್ಯತ್ಯಾಸ 8 ಮಿಮೀ ಬಂತು, ನಾನೇ ತಪ್ಪು ಅಳೆದ್ನಾ? ಬಾಯಿ ಮೂಲೆ ಎರಡೂ ಕಡೆ ಯಾವಾಗ್ಲೂ ಬಿರುಕು ಬಿಟ್ಟಿರುತ್ತೆ.

ಬೇಸಿನ್_ಬಾಯ್:
ಚರ್ಮ ಜಗ್ಗುತ್ತೆ, ಸ್ಕೇಲ್ ಅಲ್ಲಾಡುತ್ತೆ, ಮೂರು ಸಲ ಅಳೀರಿ. ಆದ್ರೂ ಅಷ್ಟೇ ಬಂದ್ರೆ ಸೆಟ್ಟಿನ ಹಲ್ಲು ಸವೆದಿರಬಹುದು, ಕೆಳಗಿನ ಮೂಳೆನೂ ಇಳಿದಿರುತ್ತೆ. ಮೂಲೆಲಿ ಮಡಿಕೆ ಬಿದ್ದು ಜೊಲ್ಲು ನಿಂತು ಬಿರುಕು ಬಿಡೋದು ಇಂಥವರಲ್ಲಿ ಕಾಮನ್, ರಕ್ತ ಕಮ್ಮಿ ಇದ್ರೂ ಆಗುತ್ತೆ, ಹಾಗಾಗಿ ಸುಮ್ನೆ ಮುಲಾಮು ಹಚ್ಚಿ ಕೂರಬೇಡಿ, ಪ್ರಾಸ್ಥೋ (ಹಲ್ಲು ಸೆಟ್ ಮಾಡೋ) ಡಿಪಾರ್ಟ್‌ಮೆಂಟಿಗೆ ಕರ್ಕೊಂಡು ಬನ್ನಿ.

ಕೋರೆಹಲ್ಲು_05:
ಮೂರು ಸಲ ಅಳೆದೆ, 7, 8, 8. ಸೋಮವಾರ ಕರ್ಕೊಂಡು ಹೋಗ್ತೀನಿ. ಅಜ್ಜಿಗೆ ಮಾತ್ರ ಡೌಟು, ಹಲ್ಲು ನೋಡೋಕೆ ಸೊಸೆ ಹೆಸರು ಯಾಕೆ ಹತ್ತು ಸಲ ಹೇಳಿಸ್ದೆ ಅಂತ. ಅಡುಗೆಮನೆಯಿಂದ ಅಮ್ಮ ಬೇರೆ ಏನು ಏನು ಅಂತ ಕೇಳ್ತಿದಾರೆ.