ಓದಿದ ಊರಿಗೆ ಪ್ರವಾಸಿಯಾಗಿ ಹೋದವರಿದ್ದೀರಾ?

ಹಳೆಯ ವಿದ್ಯಾರ್ಥಿ:
ಹದಿನೆಂಟು ವರ್ಷಗಳ ನಂತರ, ನಾನು ಓದಿದ ನಗರಕ್ಕೆ ಮೂರು ದಿನಗಳ ಮಟ್ಟಿಗೆ ಹೋಗಿದ್ದೆ. ಓದುವಾಗ ಹಾಸ್ಟೆಲ್, ಗ್ರಂಥಾಲಯ, ಬಸ್ ನಿಲ್ದಾಣ, ಇಷ್ಟೇ ನನ್ನ ಪ್ರಪಂಚ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಐದು ವರ್ಷಗಳಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ! ಈ ಸಲ ಟಿಕೆಟ್ ಕೊಂಡು, ಮೊಬೈಲಿನಲ್ಲಿ ನಕ್ಷೆ ಹಿಡಿದು ಹೊರಟೆ. ಮೊಬೈಲ್ ಬಳಸುದಾರಿ ತೋರಿಸಿದಾಗ ಕಾಲುಗಳೇ ಹಳೆಯ ಓಣಿಗೆ ತಿರುಗಿದವು. ಮರೆತೇಹೋಗಿದ್ದ ಸಹಪಾಠಿಯೊಬ್ಬನ ಹೆಸರು ಗ್ರಂಥಾಲಯದ ಮೆಟ್ಟಿಲ ಮೇಲೆ ತಟ್ಟನೆ ನೆನಪಾಯಿತು. ಆದರೆ ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ "ಯಾರನ್ನು ನೋಡಬೇಕು?" ಎಂದಾಗ ಉತ್ತರ ಹೊಳೆಯಲಿಲ್ಲ. ಮುಂದಿನ ಸಲ ಮನೆಯವರನ್ನು ಕರೆದೊಯ್ಯಲೇ, ಒಬ್ಬನೇ ಹೋಗಲೇ?

ಮನೋವಿಜ್ಞಾನದ ಮೇಷ್ಟ್ರು:
ಮೆಟ್ಟಿಲ ಮೇಲೆ ಹೆಸರು ಹೊಳೆದದ್ದು ಪವಾಡವಲ್ಲ, ಸ್ವಾಮಿ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಸಂಶೋಧಕರು ಮುಳುಗುಗಾರರಿಗೆ ದಡದಲ್ಲೂ ನೀರಿನಡಿಯಲ್ಲೂ ಪದಗಳ ಪಟ್ಟಿ ಕೊಟ್ಟು ಪರೀಕ್ಷಿಸಿದರು. ನೀರಿನಡಿ ಕಲಿತದ್ದು ನೀರಿನಡಿಯಲ್ಲೇ ಚೆನ್ನಾಗಿ ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲಿ. ಅದಲ್ಲದೆ, ನಡುವಯಸ್ಸು ದಾಟಿದವರನ್ನು ಕೇಳಿದರೆ ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಹೆಚ್ಚು ಬರುತ್ತವೆ. ಓದುವ ಕಾಲ ಅದರ ನಡುವೆಯೇ ಬೀಳುತ್ತದೆ.

ಕಿಟಕಿ ಬದಿಯ ಸೀಟು:
ಮೊದಲ ದಿನ ಒಬ್ಬರೇ ಹೋಗಿ. ನಾನು ನಮ್ಮವರನ್ನು ಕರೆದೊಯ್ದು ತರಗತಿಯ ಬಾಗಿಲಿನ ಮುಂದೆ ಕಣ್ಣು ತುಂಬಿಕೊಂಡು ನಿಂತಿದ್ದೆ. ಅವರು ಗಡಿಯಾರ ನೋಡುತ್ತ, "ಬೀಗ ಹಾಕಿದ್ದಾರಲ್ಲ, ಇನ್ನೇನು ನೋಡುವುದಿದೆ?" ಎಂದರು. ಅವರದೇನು ತಪ್ಪು, ಅವರ ಕಣ್ಣಿಗೆ ಅದು ಬರೀ ಬಾಗಿಲು.

ಹಳೆಯ ವಿದ್ಯಾರ್ಥಿ:
ಸರಿ, ಮೊದಲ ದಿನ ಒಬ್ಬನೇ. ವಸ್ತುಸಂಗ್ರಹಾಲಯವನ್ನು ಮಾತ್ರ ಮನೆಯವರಿಗೇ ಮೀಸಲಿಡುತ್ತೇನೆ.